ಗುಳ್ಳಬದನೆಗೆ ಸುಂಡೆಯ ಬೇರು: ಹಿತ್ತಿಲಿನ ಕಸಿ ಕೆಲಸದ ದಾಖಲೆ

ನಮ್ಮ ಮನೆ ಇರುವುದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಅಡಿಕೆ ತೋಟದ ಮೇಲಿನ ದಿಣ್ಣೆಯಲ್ಲಿ. ಹಿತ್ತಿಲಿನ ಬಚ್ಚಲ ನೀರು ಹರಿಯುವ ಕಡೆ ಬಸಳೆ, ಕೆಸು, ಒಂದೆಲಗ; ಅದಕ್ಕಿಂತ ಮೇಲೆ ಹರಿವೆ, ಬೆಂಡೆ, ತೊಂಡೆ; ಬೇಲಿಯ ಬದಿಗೆ ಸೂಜಿಮೆಣಸು, ಕರಿಬೇವು, ಮಜ್ಜಿಗೆಹುಲ್ಲು. ಇವೆಲ್ಲವೂ ಕೊಟ್ಟಿಗೆ ಗೊಬ್ಬರ ಮತ್ತು ಒಲೆಯ ಬೂದಿಯಲ್ಲೇ ಚೆನ್ನಾಗಿ ಬರುತ್ತವೆ. ಕೈಕೊಡುತ್ತಿದ್ದದ್ದು ಬದನೆ ಮಾತ್ರ. ಅದು ನಮ್ಮ ಅತ್ತೆಯವರು ಮದುವೆಯಾಗಿ ಬಂದ ವರ್ಷ ತವರಿನಿಂದ ತಂದ ಬೀಜದ ಹಸಿರು ಗುಳ್ಳಬದನೆ. ಕೆಂಡದಲ್ಲಿ ಸುಟ್ಟು ಗೊಜ್ಜು ಮಾಡಿದರೆ ನಾರಿಲ್ಲದೆ ಬೆಣ್ಣೆಯಂತೆ ಕಲಸಿಕೊಳ್ಳುತ್ತದೆ. ಪ್ರತಿ ವರ್ಷ ಎರಡು ಕಾಯಿಗಳನ್ನು ಗಿಡದಲ್ಲೇ ಹಣ್ಣಾಗಲು ಬಿಟ್ಟು, ಬೀಜ ತೆಗೆದು, ಬೂದಿಯಲ್ಲಿ ಕಲಸಿ ಒಣಗಿಸಿ ಇಡುವ ಕ್ರಮವನ್ನು ಅವರು ಒಮ್ಮೆಯೂ ತಪ್ಪಿಸಿಲ್ಲ. 2023ರಲ್ಲಿ ಆ ಬೀಜವೇ ಕೈಬಿಟ್ಟು ಹೋಗುವ ಸ್ಥಿತಿ ಬಂದಿತು. ಅದನ್ನು ಬೇಲಿಯ ಸುಂಡೆಗಿಡದ ಬೇರಿಗೆ ಕಸಿ ಕಟ್ಟಿ ಉಳಿಸಿಕೊಳ್ಳಲು ಒಂದೂವರೆ ವರ್ಷ ಮಾಡಿದ ಕೆಲಸವನ್ನು, ತಪ್ಪುಗಳನ್ನೂ ಸೇರಿಸಿ, ನೋಟ್ ಪುಸ್ತಕದಲ್ಲಿ ಬರೆದಿಟ್ಟುಕೊಂಡಂತೆಯೇ ಇಲ್ಲಿ ಕೊಡುತ್ತಿದ್ದೇನೆ.

1. ಗಿಡಗಳು ಸತ್ತದ್ದು (ಅಕ್ಟೋಬರ್–ನವೆಂಬರ್ 2023)

ಅಕ್ಟೋಬರ್ 8ರಂದು 24 ಸಸಿಗಳನ್ನು ನೆಟ್ಟಿದ್ದೆ. ನವೆಂಬರ್ 2ರ ಮಧ್ಯಾಹ್ನ ಮೂರು ಗಿಡಗಳ ಕುಡಿ ಬಾಡಿ ಜೋತುಬಿದ್ದಿತ್ತು. ನೀರು ಕಡಿಮೆಯಾಯಿತೆಂದು ಎರಡು ಕೊಡ ಹೆಚ್ಚು ಹಾಕಿದೆ, ಸಂಜೆಗೆ ಎಲೆಗಳು ಮತ್ತೆ ನೆಟ್ಟಗಾದವು. ಮರುದಿನ ಮಧ್ಯಾಹ್ನ ಮತ್ತೆ ಬಾಡಿದವು, ನಾಲ್ಕನೆಯ ದಿನ ಏಳಲೇ ಇಲ್ಲ. ಎಲೆ ಹಳದಿಯಾಗಲಿಲ್ಲ, ಚುಕ್ಕೆ ಬೀಳಲಿಲ್ಲ; ಹಸಿರಾಗಿರುವಾಗಲೇ ಕುದಿನೀರು ಹೊಯ್ದಂತೆ ಬಾಡಿ ಸತ್ತವು. ನವೆಂಬರ್ 20ರ ಹೊತ್ತಿಗೆ 24ರಲ್ಲಿ 21 ಹೋಗಿದ್ದವು. ಉಳಿದ ಮೂರರಲ್ಲಿ ಒಂದು ಗಿಡದ ಎರಡು ಕಾಯಿಗಳನ್ನು ಅತ್ತೆ ಬೀಜಕ್ಕೆಂದು ಬಟ್ಟೆ ಕಟ್ಟಿ ಕಾದರು.

ಕಾರಣ ತಿಳಿಯಲು ಮಾಡಿದ ಪರೀಕ್ಷೆ ಸುಲಭದ್ದು, ಬದನೆ ಬೆಳೆಯುವ ಪ್ರತಿಯೊಬ್ಬರೂ ಇದನ್ನು ಮಾಡಿ ನೋಡಬೇಕು. ಆಗಷ್ಟೇ ಬಾಡಿದ ಗಿಡವನ್ನು ಕಿತ್ತು, ಬುಡದ ಹತ್ತಿರದ ಕಾಂಡದಿಂದ ಎರಡು ಅಂಗುಲದ ತುಂಡನ್ನು ಹರಿತವಾದ ಬ್ಲೇಡಿನಿಂದ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮಾತ್ರ ಮುಳುಗುವಂತೆ ದಾರ ಕಟ್ಟಿ ಇಳಿಬಿಟ್ಟೆ. ಲೋಟವನ್ನು ಅಲುಗಾಡಿಸದೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಾಗ, ನಾಲ್ಕೈದು ನಿಮಿಷಗಳಲ್ಲಿ ಕಾಂಡದ ಕತ್ತರಿಸಿದ ಬಾಯಿಯಿಂದ ಹಾಲಿನ ಎಳೆಯಂತಹ ಬಿಳಿ ದಾರಗಳು ಸಣ್ಣಗೆ ಕೆಳಗಿಳಿಯತೊಡಗಿದವು. ಊದುಬತ್ತಿಯ ಹೊಗೆಯನ್ನು ತಲೆಕೆಳಗಾಗಿ ನೋಡಿದಂತೆ ಕಾಣುತ್ತದೆ. ಅದು ರಾಲ್‌ಸ್ಟೋನಿಯಾ ಎಂಬ ಬ್ಯಾಕ್ಟೀರಿಯಾ. ಗಿಡದ ನೀರಿನ ನಾಳಗಳಲ್ಲಿ ತುಂಬಿಕೊಂಡು ನೀರು ಮೇಲೇರದಂತೆ ಮಾಡುತ್ತದೆ. ಶಿಲೀಂಧ್ರದಿಂದ ಬರುವ ಸೊರಗಿನಲ್ಲಿ ಈ ಬಿಳಿ ಎಳೆ ಇಳಿಯುವುದಿಲ್ಲ. ಟೊಮೆಟೊ, ಆಲೂಗಡ್ಡೆ, ಮೆಣಸಿನಕಾಯಿ, ಕೊನೆಗೆ ನಮ್ಮ ಕಡೆಯ ಶುಂಠಿಗೂ ಇದು ತಗಲುತ್ತದೆ. ಬದನೆ ನೆಟ್ಟ ಆ ಮಡಿಯಲ್ಲಿ ಹಿಂದಿನ ವರ್ಷ ಇದ್ದದ್ದು ಶುಂಠಿ ಮತ್ತು ಟೊಮೆಟೊ ಎಂಬುದು ಆಗ ನೆನಪಿಗೆ ಬಂತು. ಬೇರೆ ಬೇರೆ ತರಕಾರಿ ಹಾಕಿದರೆ ಬೆಳೆ ಬದಲಾಯಿಸಿದಂತಾಯಿತು ಎಂದು ನಾನು ತಿಳಿದದ್ದೇ ಮೊದಲ ತಪ್ಪು.

2. ಫಲ ಕೊಡದ ಉಪಾಯಗಳು (ಡಿಸೆಂಬರ್ 2023–ಫೆಬ್ರವರಿ 2024)

ಮಣ್ಣು ಪರೀಕ್ಷೆಯಲ್ಲಿ ರಸಸಾರ (ಪಿಎಚ್) 5.2, ಅಂದರೆ ಹುಳಿ ಮಣ್ಣು ಎಂದು ಬಂದಿತ್ತು. ಮಳೆ ಹೆಚ್ಚಿರುವ ಜಂಬಿಟ್ಟಿಗೆ ಮಣ್ಣಿನಲ್ಲಿ ಇದು ಅಪರೂಪವಲ್ಲ. 12 ಅಡಿ ಉದ್ದ, 3 ಅಡಿ ಅಗಲದ ಹೊಸ ಮಡಿಯೊಂದನ್ನು ಬೇರೆ ಜಾಗದಲ್ಲಿ ಮಾಡಿ ಕೃಷಿ ಸುಣ್ಣ 1 ಕಿಲೋ (30 ರೂಪಾಯಿ), ಬೇವಿನ ಹಿಂಡಿ 4 ಕಿಲೋ (180 ರೂಪಾಯಿ), ಗೊಬ್ಬರದಲ್ಲಿ ಕಲಸಿದ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ 1 ಕಿಲೋ (150 ರೂಪಾಯಿ) ಹಾಕಿದೆ. ಮನೆಯಲ್ಲೇ ಮಾಡಿದ ಜೀವಾಮೃತವನ್ನು ಹದಿನೈದು ದಿನಕ್ಕೊಮ್ಮೆ ಹೊಯ್ದೆ. ಡಿಸೆಂಬರ್ ಕೊನೆಯಲ್ಲಿ ನೆಟ್ಟ 12 ಸಸಿಗಳಲ್ಲಿ ಫೆಬ್ರವರಿ ಮುಗಿಯುವುದರೊಳಗೆ 8 ಸತ್ತವು.

ಇದರಲ್ಲಿ ಗೊಬ್ಬರದ ದೋಷವೇನೂ ಇಲ್ಲ. ಹೊಸ ಮಡಿ ಇದ್ದದ್ದು ಹಳೆಯ ಮಡಿಯ ಕೆಳಗೆ, ಅಲ್ಲಿನ ನೀರು ಇಲ್ಲಿಗೇ ಇಳಿಯುತ್ತಿತ್ತು. ಹಳೆಯ ಮಡಿಯಲ್ಲಿ ಸತ್ತ ಗಿಡ ಕಿತ್ತ ಗುದ್ದಲಿಯನ್ನೇ ತೊಳೆಯದೆ ಹೊಸ ಮಡಿಗೂ ಬಳಸಿದ್ದೆ. ಕಿತ್ತ ಗಿಡಗಳನ್ನು ಸುಡದೆ ಗೊಬ್ಬರದ ಗುಂಡಿಗೆ ಎಸೆದಿದ್ದೆ. ರೋಗವನ್ನು ನಾನೇ ಹೊತ್ತು ಹೊಸ ಜಾಗಕ್ಕೆ ಕೊಟ್ಟಂತಾಯಿತು. ಆ ಗುಂಡಿಯ ಗೊಬ್ಬರವನ್ನು ಈಗ ತೆಂಗಿನ ಬುಡಕ್ಕೆ ಮಾತ್ರ ಹಾಕುತ್ತಿದ್ದೇವೆ.

ಈ ಸೊರಗನ್ನು ತಡೆದುಕೊಳ್ಳುವ ಬದನೆ ತಳಿಗಳು ಇಲ್ಲವೆಂದಲ್ಲ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ನಿಧಿ, ಅರ್ಕಾ ಕೇಶವ, ಅರ್ಕಾ ನೀಲಕಂಠ ತಳಿಗಳು ಇದಕ್ಕಾಗಿಯೇ ಹೆಸರಾದವು. ಯಾವುದಾದರೂ ಬದನೆ ಸಾಕು ಎನ್ನುವವರು ಅವುಗಳನ್ನು ಹಾಕಿ ನಿಶ್ಚಿಂತರಾಗಬಹುದು. ನಮಗೆ ಬೇಕಿದ್ದದ್ದು ಮನೆಯ ಗುಳ್ಳವೇ.

3. ಸುಂಡೆಯ ಬೀಜ (ಫೆಬ್ರವರಿ–ಏಪ್ರಿಲ್ 2024)

ದಾರಿ ತೋರಿದ್ದು ಕಾಳುಮೆಣಸು. ಮಲೆನಾಡಿನಲ್ಲಿ ಸೊರಗು ರೋಗ ಬರುವ ತಗ್ಗಿನ ತೋಟಗಳಲ್ಲಿ ಕಾಳುಮೆಣಸನ್ನು ಹಿಪ್ಪಲಿ ಗಿಡಕ್ಕೆ ಕಸಿ ಕಟ್ಟುತ್ತಾರೆ. ಬೇರು ಹಿಪ್ಪಲಿಯದು, ಕಾಳು ನಮ್ಮ ಮೆಣಸಿನದು. ಇಡೀ ಬದನೆ ಮಡಿ ಸತ್ತಾಗಲೂ ಅದಕ್ಕೆ ಒಂದು ಮಾರು ದೂರದಲ್ಲಿ, ಬೇಲಿಗೆ ತಾಗಿಕೊಂಡು ಆಳೆತ್ತರ ಬೆಳೆದಿದ್ದ ಸುಂಡೆಗಿಡ ಒಂದೆಲೆಯನ್ನೂ ಬಾಡಿಸದೆ ನಿಂತಿತ್ತು. ಬದನೆಯ ಹತ್ತಿರದ ಸಂಬಂಧಿಯಾದ ಈ ಗಿಡದ ಮೇಲೆ ಬದನೆ ಕಸಿ ಕಟ್ಟುವ ಕ್ರಮ ಹಲವು ಕಡೆ ಚಾಲ್ತಿಯಲ್ಲಿದೆ, ಏಕೆಂದರೆ ಇದರ ಬೇರು ರಾಲ್‌ಸ್ಟೋನಿಯಾವನ್ನು ತಾಳಿಕೊಳ್ಳುತ್ತದೆ. ಹಿಪ್ಪಲಿ ಕಸಿ ಕಟ್ಟುವ ಪಕ್ಕದ ಮನೆಯ ಅಣ್ಣನವರು ಚೂರಿ ಹಿಡಿಯುವುದನ್ನು ಒಂದು ಮಧ್ಯಾಹ್ನ ಕುಳಿತು ಹೇಳಿಕೊಟ್ಟರು.

ಮೊದಲ ಬಿತ್ತನೆ ಫೆಬ್ರವರಿ 20ರಂದು. ಹಸಿರು ಸುಂಡೆಕಾಯಿಗಳನ್ನೇ ಜಜ್ಜಿ ಬೀಜ ತೆಗೆದು ಅರ್ಧ ಅಂಗುಲ ಆಳದಲ್ಲಿ ಹಾಕಿದೆ. 30 ದಿನ ಕಾದರೂ ಒಂದೂ ಮೊಳೆಯಲಿಲ್ಲ. ಬೀಜ ಬಲಿತಿರಲಿಲ್ಲ, ಜೊತೆಗೆ ಸುಂಡೆಯ ಬೀಜ ಬಹಳ ಸಣ್ಣದು, ಮೊಳೆಯಲು ಬೆಳಕು ಬಯಸುವಂಥದ್ದು, ಅದನ್ನು ಆಳದಲ್ಲಿ ಹೂತರೆ ಏಳುವುದಿಲ್ಲ.

ಎರಡನೆಯ ಬಿತ್ತನೆ ಮಾರ್ಚ್ 25ರಂದು. ಗಿಡದಲ್ಲೇ ಹಳದಿಯಾಗಿ ಮೆತ್ತಗಾದ ಹಣ್ಣುಗಳನ್ನು ಹಿಸುಕಿ, ಬೂದಿಯಲ್ಲಿ ಉಜ್ಜಿ ಲೋಳೆ ತೆಗೆದು, ಎರಡು ದಿನ ನೆರಳಿನಲ್ಲಿ ಒಣಗಿಸಿ, ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಪ್ರೋಟ್ರೇಯಲ್ಲಿ (ಗುಳಿಗಳಿರುವ ಸಸಿ ತಟ್ಟೆ) ತುಂಬಿದ ಕೊಕೊಪಿಟ್ (ತೆಂಗಿನ ನಾರಿನ ಪುಡಿ) ಮತ್ತು ಎರೆಗೊಬ್ಬರದ ಮಿಶ್ರಣದ ಮೇಲೆ ಉದುರಿಸಿ, ಬೀಜ ಕಾಣದಷ್ಟು ಮಾತ್ರ ಪುಡಿ ಎರಚಿದೆ. 18ನೆಯ ದಿನ ಮೊದಲ ಮೊಳಕೆ ಕಂಡಿತು. ಮುಂದಿನ ಎರಡು ವಾರ ಒಂದೊಂದಾಗಿ ಏಳುತ್ತಲೇ ಇದ್ದವು. ಬದನೆ ಒಂದು ವಾರದಲ್ಲಿ ಮೊಳೆಯುವುದರಿಂದ ಎರಡನ್ನೂ ಒಟ್ಟಿಗೆ ಬಿತ್ತಿದರೆ ಕಾಂಡದ ದಪ್ಪ ಎಂದಿಗೂ ಹೊಂದುವುದಿಲ್ಲ. ಸುಂಡೆಯನ್ನು ಕನಿಷ್ಠ ನಾಲ್ಕು ವಾರ ಮೊದಲು ಹಾಕಬೇಕು.

4. ಮೊದಲ ಕಸಿ: 20ರಲ್ಲಿ 3 (ಮೇ 20, 2024)

ಅವಸರ ಪಟ್ಟೆ. ಸುಂಡೆಯ ಕಾಂಡ ಇನ್ನೂ 2 ಮಿಲಿಮೀಟರ್ ದಾಟಿರಲಿಲ್ಲ, ಸೀಳಲು ಹೋದಾಗ ಹಲವು ಪಕ್ಕಕ್ಕೆ ಹರಿದವು. ಬೆಳಗ್ಗೆ 11 ಗಂಟೆಯ ಬಿಸಿಲಿನಲ್ಲಿ ಅಂಗಳದಲ್ಲಿ ಕುಳಿತು ಕಟ್ಟಿದೆ. ಬದನೆಯ ಕುಡಿಯಲ್ಲಿ ಐದಾರು ಎಲೆಗಳನ್ನು ಹಾಗೆಯೇ ಉಳಿಸಿದೆ. ಮುಗಿದ ಮೇಲೆ ಮಾವಿನ ಮರದ ನೆರಳಿನಲ್ಲಿಟ್ಟು ದಿನಕ್ಕೆ ಮೂರು ಸಲ ನೀರು ಸಿಂಪಡಿಸಿದೆ. ಅಷ್ಟು ಸಾಲದು. ಬೇರಿನಿಂದ ನೀರು ಬರದ ಕುಡಿಯಲ್ಲಿ ಎಲೆ ಹೆಚ್ಚಿದ್ದಷ್ಟೂ ಬೇಗ ಒಣಗುತ್ತದೆ. ಮೂರನೆಯ ದಿನಕ್ಕೆ 14, ಒಂದು ವಾರಕ್ಕೆ 17 ಒಣಗಿದವು.

ಅದೇ ದಿನ ಉಳಿದ ಸುಂಡೆಗಳ ಮೇಲೆ 6 ಸೂಜಿಮೆಣಸಿನ ಕುಡಿಗಳನ್ನೂ ಕಟ್ಟಿ ನೋಡಿದ್ದೆ. ಅವು ಒಂಬತ್ತು ದಿನ ಹಸಿರಾಗಿದ್ದು ನಂತರ ಒಂದೂ ಉಳಿಯದೆ ಕಪ್ಪಾದವು. ಮೆಣಸು ಸುಂಡೆಗೆ ಕೂಡುವುದಿಲ್ಲ, ಅದಕ್ಕೆ ಸಮಯ ಕಳೆಯುವುದು ಬೇಡ.

5. ಎರಡನೆಯ ಕಸಿ: 24ರಲ್ಲಿ 17 (ಜೂನ್ 13, 2024)

ಈ ಸಲ ಮೃಗಶಿರಾ ಮಳೆ ಹಿಡಿದು ಗಾಳಿ ತಂಪಾಗುವವರೆಗೆ ಕಾದೆ. ಸುಂಡೆಗೆ ಮೊಳೆತು ಎರಡು ತಿಂಗಳು, ಕಾಂಡ 3 ಮಿಲಿಮೀಟರ್. ಮೇ 5ರಂದು ಬಿತ್ತಿದ್ದ ಬದನೆಗೆ 39 ದಿನ, ಅದರ ಕಾಂಡವೂ ಹೆಚ್ಚುಕಡಿಮೆ ಅಷ್ಟೇ. ಸಾಮಗ್ರಿಗಳು: ಹೊಸ ಶೇವಿಂಗ್ ಬ್ಲೇಡುಗಳು, ಸಿಲಿಕೋನ್ ಕಸಿ ಕ್ಲಿಪ್ಪುಗಳು, ಬ್ಲೇಡು ಒರೆಸಲು ಸ್ಪಿರಿಟ್ಟು ಮತ್ತು ಹತ್ತಿ, ನೀರು ಸಿಂಪಡಿಸುವ ಬಾಟಲಿ.

ಕಸಿ ಕಟ್ಟಿದ ಗಿಡಗಳನ್ನು ತೇವದಲ್ಲಿ ಇಡುವ ಕೋಣೆಯನ್ನು ಮೊದಲೇ ಸಿದ್ಧಮಾಡಿಕೊಂಡೆ. ಜಗಲಿಯ ಉತ್ತರದ ಮೂಲೆಯಲ್ಲಿ, ನೇರ ಬಿಸಿಲು ಬೀಳದ ಕಡೆ, 4 ಅಡಿ ಉದ್ದ, 2 ಅಡಿ ಅಗಲದ ಜಾಗಕ್ಕೆ ಬಿದಿರಿನ ಸೀಳುಗಳನ್ನು ಬಿಲ್ಲಿನಂತೆ ಬಾಗಿಸಿ ನಿಲ್ಲಿಸಿ, ಅಡಿಕೆ ಒಣಗಿಸಲು ತಂದಿದ್ದ ಪಾರದರ್ಶಕ ಪ್ಲಾಸ್ಟಿಕ್ಕಿನ ಉಳಿದ ತುಂಡನ್ನು ಹೊದಿಸಿ, ಅದರ ಮೇಲೆ ಹಳೆಯ ಸೀರೆಯೊಂದನ್ನು ಮಡಿಸಿ ಹಾಕಿದೆ. ಒಳಗೆ ನೆಲಕ್ಕೆ ಒದ್ದೆ ಗೋಣಿಚೀಲ ಹಾಸಿದೆ.

ಕಟ್ಟುವ ಕ್ರಮ ಹೀಗೆ. ಸುಂಡೆಯ ಸಸಿಯನ್ನು ಮಣ್ಣಿನಿಂದ ಮೂರು ಅಂಗುಲ ಮೇಲೆ ಅಡ್ಡಲಾಗಿ ಒಂದೇ ಎಳೆತಕ್ಕೆ ಕತ್ತರಿಸಿ, ಕೆಳಗಿನ ಒಂದು ಎಲೆಯನ್ನು ಉಳಿಸಿ, ಕಾಂಡದ ನಡುವೆ ಒಂದು ಸೆಂಟಿಮೀಟರ್ ಆಳಕ್ಕೆ ನೇರವಾಗಿ ಸೀಳಬೇಕು. ಬದನೆಯ ತುದಿಯಿಂದ ಮೂರು ಅಂಗುಲದ ಕುಡಿ ತೆಗೆದು, ತುದಿಯ ಎರಡು ಎಳೆ ಎಲೆಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ಸವರಿ, ಬುಡವನ್ನು ಎರಡೂ ಬದಿಯಿಂದ ಓರೆಯಾಗಿ ಕೆತ್ತಿ ಬೆಣೆಯಂತೆ ಮಾಡಬೇಕು. ಕೆತ್ತಿದ ಮೈ ಕನ್ನಡಿಯಂತೆ ನುಣುಪಾಗಿರಬೇಕು. ಬ್ಲೇಡನ್ನು ಎರಡು ಸಲ ಎಳೆದರೆ ಅಲ್ಲಿ ಸಣ್ಣ ಏಣು ಉಳಿದು ಸೀಳಿನೊಳಗೆ ಗಾಳಿ ನಿಲ್ಲುತ್ತದೆ. ಬೆಣೆಯನ್ನು ಸೀಳಿಗೆ ಇಳಿಸುವಾಗ ಕನಿಷ್ಠ ಒಂದು ಬದಿಯಲ್ಲಾದರೂ ಎರಡರ ಸಿಪ್ಪೆಗೆ ಸಿಪ್ಪೆ ಸಾಲಾಗಿ ಕೂರಬೇಕು. ಸರಿಯಾಗಿ ಕೂತಾಗ ಹಸಿ ಸೀಳಿನಿಂದ ನೀರಿನ ಸಣ್ಣ ಹನಿಯೊಂದು ಹೊರಗೆ ಒಸರುತ್ತದೆ. ಆ ಹನಿ ಕಂಡ ಗಿಡಗಳಲ್ಲಿ ಸೋತದ್ದು ಬಹಳ ಕಡಿಮೆ. ಕ್ಲಿಪ್ಪು ಹಾಕಿ ಕೂಡಲೇ ಕೋಣೆಯೊಳಗೆ ಇಡಬೇಕು. ಪ್ರತಿ ಐದು ಗಿಡಕ್ಕೊಮ್ಮೆ ಬ್ಲೇಡನ್ನು ಸ್ಪಿರಿಟ್ಟಿನಲ್ಲಿ ಒರೆಸಿದೆ, ಹತ್ತಕ್ಕೊಮ್ಮೆ ಬದಲಾಯಿಸಿದೆ. 24 ಗಿಡಗಳಿಗೆ ಎರಡೂವರೆ ಗಂಟೆ ಬೇಕಾಯಿತು.

ಮೊದಲ ನಾಲ್ಕು ದಿನ ಪ್ಲಾಸ್ಟಿಕ್ಕನ್ನು ತೆರೆಯಲೇ ಇಲ್ಲ. ಐದನೆಯ ದಿನದಿಂದ ಬೆಳಗ್ಗೆ ಸಂಜೆ ಹತ್ತು ನಿಮಿಷ, ಎಂಟನೆಯ ದಿನದಿಂದ ಅರ್ಧ ಗಂಟೆ, ಹನ್ನೆರಡನೆಯ ದಿನ ಪೂರ್ತಿ ತೆರೆದೆ. ಸೋತ ಏಳರಲ್ಲಿ ನಾಲ್ಕು ಕೊಳೆತವು: ಪ್ಲಾಸ್ಟಿಕ್ಕು ಚಪ್ಪಟೆಯಾಗಿ ಜೋತುಬಿದ್ದ ಕಡೆಯಿಂದ ಇಬ್ಬನಿಯ ಹನಿ ನೇರವಾಗಿ ಕಸಿಯ ಗಾಯದ ಮೇಲೆ ಬೀಳುತ್ತಿತ್ತು. ಬಿಲ್ಲನ್ನು ಇನ್ನಷ್ಟು ಎತ್ತರಿಸಿದ್ದರೆ ಹನಿ ಬದಿಗೆ ಜಾರಿ ಹೋಗುತ್ತಿತ್ತು. ಎರಡರಲ್ಲಿ ಕಸಿ ಕೂಡಿಕೊಳ್ಳಲೇ ಇಲ್ಲ. ಇನ್ನೊಂದು ಚೆನ್ನಾಗಿಯೇ ಕೂಡಿತ್ತು. ಹತ್ತನೆಯ ದಿನ ಕುತೂಹಲ ತಡೆಯದೆ ಕ್ಲಿಪ್ಪು ಬಿಚ್ಚಿ ನೋಡಿದೆ, ಕೈಯಲ್ಲೇ ಮುರಿಯಿತು. ಕ್ಲಿಪ್ಪನ್ನು ಮೂರು ವಾರ ತೆಗೆಯಬಾರದು.

ಗೆದ್ದ 17 ಗಿಡಗಳನ್ನು 6×8 ಅಂಗುಲದ ಚೀಲಗಳಿಗೆ ಹಾಕಿ ಪುನರ್ವಸು, ಪುಷ್ಯ ಮಳೆಗಳು ಕಳೆಯುವವರೆಗೆ ಕೊಟ್ಟಿಗೆಯ ಮಾಡಿನ ಕೆಳಗೆ ಇಟ್ಟುಕೊಂಡೆ. ಜುಲೈನಲ್ಲಿ ಒಂದು ಗಿಡವನ್ನು ಬಸವನಹುಳು ಒಂದೇ ರಾತ್ರಿಯಲ್ಲಿ ತಿಂದುಹಾಕಿತು. ಮರುದಿನದಿಂದ ಚೀಲಗಳ ಸುತ್ತ ಒಣ ಬೂದಿಯ ಗೆರೆ ಎಳೆದು, ರಾತ್ರಿ ಬ್ಯಾಟರಿ ಹಿಡಿದು ಹೆಕ್ಕಿದೆ.

6. ಏರುಮಡಿ ಮತ್ತು ನಾಟಿ (ಆಗಸ್ಟ್ 25, 2024)

ನಾಟಿಗೆ ಬೇಕೆಂದೇ ರೋಗ ಬಂದಿದ್ದ ಹಳೆಯ ಜಾಗವನ್ನು ಆರಿಸಿದೆ, ಇಲ್ಲದಿದ್ದರೆ ಕಸಿಯ ಗುಣ ತಿಳಿಯುತ್ತಿರಲಿಲ್ಲ. 12×3 ಅಡಿಯ ಎರಡು ಮಡಿಗಳನ್ನು ಒಂದು ಅಡಿ ಎತ್ತರಿಸಿ, ಬದಿಗೆ ಅಡಿಕೆ ದಬ್ಬೆ ಕಟ್ಟಿ, ನಡುವೆ ಒಂದೂವರೆ ಅಡಿಯ ಕಾಲುವೆ ತೆಗೆಯಲಾಯಿತು. ಒಂದೊಂದು ಮಡಿಗೆ ಕಳಿತ ಕೊಟ್ಟಿಗೆ ಗೊಬ್ಬರ ನಾಲ್ಕು ಬುಟ್ಟಿ, ಬೇವಿನ ಹಿಂಡಿ ಎರಡೂವರೆ ಕಿಲೋ. ಗಿಡದಿಂದ ಗಿಡಕ್ಕೆ ಎರಡು ಅಡಿ. 16 ಕಸಿ ಗಿಡಗಳ ಜೊತೆಗೆ ಅದೇ ಬೀಜದ 6 ಕಸಿಯಿಲ್ಲದ ಗಿಡಗಳನ್ನೂ ನಡುನಡುವೆ ನೆಟ್ಟು ಗೂಟ ಹೊಡೆದು ಗುರುತು ಮಾಡಿದೆ. ನೆಟ್ಟ ಮೇಲೆ ಕಾಡಿನ ದರಗನ್ನು (ಒಣಗಿ ಉದುರಿದ ಎಲೆ) ಮೂರು ಅಂಗುಲ ದಪ್ಪ ಹೊದಿಸಿದೆ. ಮಳೆಹನಿ ಮಣ್ಣನ್ನು ಸಿಡಿಸಿ ಕಸಿಯ ಗಂಟಿಗೆ ಹಚ್ಚದಿರಲು ಇದು ಬೇಕೇ ಬೇಕು.

ಇಲ್ಲಿ ನಾನು ಮಾಡಿದ ತಪ್ಪು ಎಲ್ಲಕ್ಕಿಂತ ದುಬಾರಿಯಾದದ್ದು. ಬದನೆ ಸಸಿಯನ್ನು ಗಾಳಿಗೆ ವಾಲದಂತೆ ಸ್ವಲ್ಪ ಆಳವಾಗಿಯೇ ನೆಡುವುದು ನಮ್ಮಲ್ಲಿ ರೂಢಿ. ಕೈ ಅದೇ ರೂಢಿಯಲ್ಲಿ ಕೆಲಸ ಮಾಡಿ, ಮೊದಲು ನೆಟ್ಟ ಎರಡು ಗಿಡಗಳ ಕಸಿಯ ಗಂಟು ಮಣ್ಣಿನೊಳಗೆ ಹೋಗಿತ್ತು. ಅಕ್ಟೋಬರ್ ಮೊದಲ ವಾರ ಅವೆರಡೇ ಬಾಡಿದವು. ಕಿತ್ತು ತೊಳೆದು ನೋಡಿದಾಗ, ಗಂಟಿಗಿಂತ ಮೇಲೆ ಬದನೆಯ ಕಾಂಡದಿಂದಲೇ ಬೆರಳುದ್ದದ ಬಿಳಿ ಬೇರುಗಳು ಸುತ್ತಲೂ ಇಳಿದಿದ್ದವು. ಕೆಳಗಿನ ಸುಂಡೆಯ ಬೇರು ಇನ್ನೂ ಗಟ್ಟಿಯಾಗಿ, ಹಳದಿ ಬಣ್ಣದಲ್ಲಿ ಆರೋಗ್ಯವಾಗಿಯೇ ಇತ್ತು. ರೋಗ ಒಳಗೆ ಬಂದದ್ದು ಬದನೆಯ ಆ ಹೊಸ ಬೇರುಗಳಿಂದ. ಗಂಟು ಮಣ್ಣಿನಿಂದ ಕನಿಷ್ಠ ಎರಡು ಅಂಗುಲ ಮೇಲೆ ಇರಲೇಬೇಕು, ಬುಡಕ್ಕೆ ಮಣ್ಣು ಏರಿಸುವಾಗಲೂ ಇದು ನೆನಪಿರಬೇಕು.

7. ನೆಟ್ಟ ನಂತರ (ಸೆಪ್ಟೆಂಬರ್ 2024–ಮಾರ್ಚ್ 2025)

ಕಸಿಯಿಲ್ಲದ 6ರಲ್ಲಿ 5 ಅಕ್ಟೋಬರ್ ಮುಗಿಯುವುದರೊಳಗೆ ಸತ್ತವು. ಲೋಟದ ಪರೀಕ್ಷೆಯಲ್ಲಿ ಅದೇ ಬಿಳಿ ಎಳೆ. ಗಂಟು ಮೇಲಿದ್ದ 14 ಕಸಿ ಗಿಡಗಳಲ್ಲಿ ಒಂದೂ ಸಾಯಲಿಲ್ಲ. ಮೊದಲ ಕಾಯಿ ಕೊಯ್ದದ್ದು ಅಕ್ಟೋಬರ್ 24ರಂದು, ಮಾರ್ಚ್ ಕೊನೆಯವರೆಗೆ ಪುಸ್ತಕದಲ್ಲಿ ಬರೆದ ತೂಕ 31 ಕಿಲೋ.

ವಾರಕ್ಕೊಮ್ಮೆ ಗಂಟಿನ ಕೆಳಗೆ ಸುಂಡೆಯ ಚಿಗುರು ಬಂದಿದೆಯೇ ಎಂದು ನೋಡಿ ಚಿವುಟಬೇಕು. ನವೆಂಬರ್‌ನಲ್ಲಿ ಮನೆಯ ಮದುವೆಯೊಂದರ ಓಡಾಟದಲ್ಲಿ ಎರಡು ವಾರ ಬಿಟ್ಟದ್ದಕ್ಕೆ, ಒಂದು ಗಿಡದಲ್ಲಿ ಮುಳ್ಳಿನ ಅಗಲ ಎಲೆಯ ಸುಂಡೆ ರೆಂಬೆ ಬದನೆಗಿಂತ ಎತ್ತರವಾಗಿತ್ತು.

ಕಾಯಿ ಮತ್ತು ಕುಡಿ ಕೊರೆಯುವ ಹುಳಕ್ಕೆ ಕಸಿಯಿಂದ ಏನೂ ಪ್ರಯೋಜನವಿಲ್ಲ. ಡಿಸೆಂಬರ್‌ವರೆಗೆ ಮೂರರಲ್ಲಿ ಒಂದು ಕಾಯಿ ತೂತಾಗಿತ್ತು. ಬಾಡಿದ ಕುಡಿಯನ್ನು ಕಂಡ ದಿನವೇ ಒಂದು ಅಂಗುಲ ಕೆಳಗೆ ಚಿವುಟಿ ಒಲೆಗೆ ಹಾಕುವುದನ್ನು ನಿಯಮ ಮಾಡಿಕೊಂಡ ಮೇಲೆ, ಮತ್ತು ಹತ್ತು ದಿನಕ್ಕೊಮ್ಮೆ ಬೇವಿನ ಎಣ್ಣೆ ಸಿಂಪಡಿಸಿದ ಮೇಲೆ, ಜನವರಿಯಲ್ಲಿ ಅದು ಕಡಿಮೆಯಾಯಿತು. ಕೈಯಿಂದ ಚಿವುಟಿದ್ದೇ ಹೆಚ್ಚು ಕೆಲಸ ಮಾಡಿತೆಂದು ನನ್ನ ಅಭಿಪ್ರಾಯ.

ಕಾಯಿಗೆ ಸುಂಡೆಯ ಕಹಿ ಇಳಿಯಬಹುದೆಂದು ಅತ್ತೆಗೆ ಮೊದಲಿನಿಂದಲೂ ಅನುಮಾನವಿತ್ತು. ಮೊದಲ ಕೊಯ್ಲಿನ ಎರಡು ಕಾಯಿಗಳನ್ನು ಅವರೇ ಬಚ್ಚಲೊಲೆಯ ಕೆಂಡದಲ್ಲಿ ಸುಟ್ಟರು. ಸಿಪ್ಪೆ ಸುಲಿದು, ಉಪ್ಪು, ಹಸಿಮೆಣಸು, ಬೆಲ್ಲದ ಚೂರು, ಹುಣಸೆಹುಳಿ ಹಾಕಿ ಕಿವುಚಿ, ಇಂಗಿನ ಒಗ್ಗರಣೆ ಕೊಡುವ ಮೊದಲೇ ಬೆರಳಿನಲ್ಲಿ ತೆಗೆದು ನಾಲಿಗೆಗೆ ಇಟ್ಟುಕೊಂಡು, "ನಮ್ಮ ಗುಳ್ಳವೇ ಕಣೇ ಇದು" ಎಂದರು. ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಸಮಾಧಾನ ಕೊಟ್ಟ ಗಳಿಗೆ ಅದು.

8. ಖರ್ಚು ಮತ್ತು ಈಗಿನ ಸ್ಥಿತಿ (ಏಪ್ರಿಲ್ 2025)

ಪ್ರೋಟ್ರೇ ಮೂರಕ್ಕೆ 75, ಕೊಕೊಪಿಟ್ 180, ನೂರು ಕ್ಲಿಪ್ಪಿಗೆ 220, ಬ್ಲೇಡು ಮತ್ತು ಸ್ಪಿರಿಟ್ಟಿಗೆ 40, ಚೀಲಗಳಿಗೆ 60, ಬೇವಿನ ಹಿಂಡಿ 5 ಕಿಲೋಗೆ 225, ಮಡಿ ಏರಿಸಲು ಒಂದು ಆಳಿನ ಕೂಲಿ 600. ಒಟ್ಟು 1,400 ರೂಪಾಯಿ. ಇದಕ್ಕೂ ಮೊದಲು ಫಲ ಕೊಡದೆ ಹೋದ ಉಪಾಯಗಳಿಗೆ 360 ರೂಪಾಯಿ ಆಗಿತ್ತು. ಕ್ಲಿಪ್ಪುಗಳನ್ನು ಬಿಸಿನೀರಿನಲ್ಲಿ ತೊಳೆದಿಟ್ಟರೆ ಮರುವರ್ಷಕ್ಕೂ ಬರುತ್ತವೆ.

14 ಗಿಡಗಳನ್ನು ಏಪ್ರಿಲ್ 6ರಂದು ಒಂದು ಅಡಿ ಎತ್ತರಕ್ಕೆ ಸವರಿ ಒಂದೊಂದು ಬುಟ್ಟಿ ಗೊಬ್ಬರ ಕೊಟ್ಟಿದ್ದೇನೆ. ಹನ್ನೊಂದು ಚಿಗುರಿವೆ, ಮೂರು ಇನ್ನೂ ಬರಿಕಡ್ಡಿಯಾಗಿ ನಿಂತಿವೆ. ಅವುಗಳ ಕಾಂಡವನ್ನು ಉಗುರಿನಿಂದ ಗೀರಿದರೆ ಒಳಗೆ ಹಸಿರು ಕಾಣುತ್ತದೆ, ಆದ್ದರಿಂದ ಕೀಳದೆ ಬಿಟ್ಟಿದ್ದೇನೆ. ಹೊಸ ತಂಡಕ್ಕೆ ಸುಂಡೆಯನ್ನು ಈ ಬಾರಿ ಮಾರ್ಚ್ 10ಕ್ಕೇ ಬಿತ್ತಿದ್ದು, ಇಂದಿಗೆ 41 ಸಸಿಗಳು ಎದ್ದಿವೆ. ಅತ್ತೆ ಹಣ್ಣಿಗೆ ಬಿಟ್ಟಿದ್ದ ಎರಡು ಗುಳ್ಳಗಳ ಬೀಜ ಬೂದಿಯಲ್ಲಿ ಒಣಗಿ, ಗಾಜಿನ ಬಾಟಲಿಯಲ್ಲಿ ಅಡುಗೆಮನೆಯ ಅಟ್ಟದ ಮೇಲಿದೆ. ಅರ್ಧವನ್ನು ಮೊನ್ನೆ ಭಾನುವಾರ ಬಿತ್ತಿದ್ದಾಯಿತು. ಉಳಿದರ್ಧವನ್ನು, ನಾನು ಕೇಳಿದರೂ, ಅವರು ಕೊಡಲಿಲ್ಲ.